ಎಂಜಿಬಿ: ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವ ಹೊಸಬರು ಹೊಸ್ತಿಲು ನೋಡಬೇಕು

ಎಂಟು ಮೂಲೆಯ ಚೌಕಟ್ಟಿನೊಳಗೆ ‘ಎಂಜಿ’ ಎಂಬ ಎರಡಕ್ಷರ ಹೊತ್ತ ಕಾರುಗಳು 2019ರಿಂದ ಭಾರತದ ರಸ್ತೆಗಳಲ್ಲಿ ಓಡಾಡುತ್ತಿವೆ. ಆದರೆ ಆ ಲಾಂಛನಕ್ಕೆ ಲೋಕಪ್ರಸಿದ್ಧಿ ತಂದುಕೊಟ್ಟದ್ದು ಇಂದಿನ ಎತ್ತರದ ಕುಟುಂಬವಾಹನಗಳಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಸಮೀಪದ ಆಬಿಂಗ್ಡನ್ ಕಾರ್ಖಾನೆಯಿಂದ ಹೊರಬರುತ್ತಿದ್ದ, ನೆಲಕ್ಕೆ ಅಂಟಿಕೊಂಡಂತೆ ಕಾಣುವ ಎರಡು ಆಸನಗಳ ತೆರೆದ ಕಾರುಗಳು ಅದನ್ನು ಮನೆಮಾತಾಗಿಸಿದವು. ಅವುಗಳ ಪೈಕಿ ಅತಿ ಹೆಚ್ಚು ಜನಪ್ರಿಯವಾದುದು ಎಂಜಿಬಿ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ಇವುಗಳಲ್ಲಿ ದೊಡ್ಡ ಪಾಲು ಹಡಗೇರಿ ಅಮೆರಿಕ ಸೇರಿತು.

ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು, ಮನೆಯ ಗ್ಯಾರೇಜಿನಲ್ಲಿ ಬಿಚ್ಚಿ, ಮತ್ತೆ ಜೋಡಿಸಿ ಓಡಿಸಬೇಕೆಂಬ ಆಸೆ ಬ್ರಿಟನ್ನಿನಲ್ಲಿ ಸಾಮಾನ್ಯ. ಅಲ್ಲಿ ನೆಲೆಸಿರುವ ಕನ್ನಡಿಗ ಎಂಜಿನಿಯರುಗಳಿಗೂ ಈ ಗೀಳು ಹತ್ತುವುದುಂಟು. ಇಂಥವರಿಗೆ ಅನುಭವಿಗಳು ಮೊದಲು ಸೂಚಿಸುವ ಹೆಸರುಗಳಲ್ಲಿ ಎಂಜಿಬಿ ಒಂದು. ಕಾರಣ ಸರಳ. ಯಂತ್ರಭಾಗ ಕ್ಲಿಷ್ಟವಲ್ಲ, ಬಿಡಿಭಾಗಗಳು ಇಂದಿಗೂ ಹೊಸದಾಗಿ ದೊರೆಯುತ್ತವೆ, ಕೇಳಿದರೆ ಹೇಳಿಕೊಡುವವರು ಸಾವಿರಾರು ಮಂದಿ ಇದ್ದಾರೆ. ಅದೇ ದಶಕದ ಜಾಗ್ವಾರ್ ಇ-ಟೈಪ್ ನೋಡಲು ಇನ್ನೂ ಸುಂದರ. ಆದರೆ ಹೊಸಬನೊಬ್ಬ ಅರೆಮುರಿದ ಇ-ಟೈಪ್ ಕೊಂಡರೆ ಮನೆ ಅಡವಿಡುವ ದಾರಿಯನ್ನೇ ಹಿಡಿದಂತೆ.

ಹಾಗೆಂದು ಎಂಜಿಬಿ ಅಪಾಯವಿಲ್ಲದ ವ್ಯವಹಾರವೇನಲ್ಲ. ಹೊರಗೆ ಹೊಳೆಯುವ ಬಣ್ಣ, ಒಳಗೆ ಕರಗಿಹೋದ ತಗಡು ಇರುವ ಕಾರುಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ಸಿಗಲಾರದು.

ಕಾನೂನೇ ಕಣ್ಣುಮುಚ್ಚಿದ ಕಡೆ

ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರುಗಳು ಪ್ರತಿವರ್ಷ ‘ಎಂಒಟಿ’ ಎಂಬ ಸುರಕ್ಷತಾ ತಪಾಸಣೆಗೆ ಒಳಗಾಗಬೇಕು. ಆದರೆ 2018ರ ಮೇ ತಿಂಗಳಿನಿಂದ, ತಯಾರಾಗಿ 40 ವರ್ಷ ಕಳೆದ, ಗಣನೀಯವಾಗಿ ಮಾರ್ಪಡಿಸದ ವಾಹನಗಳಿಗೆ ಈ ತಪಾಸಣೆ ಕಡ್ಡಾಯವಲ್ಲ. ಆಬಿಂಗ್ಡನ್ ಕಾರ್ಖಾನೆ ಮುಚ್ಚಿದ್ದು 1980ರ ಅಕ್ಟೋಬರಿನಲ್ಲಿ. ಅಂದರೆ ಉಳಿದಿರುವ ಪ್ರತಿಯೊಂದು ಎಂಜಿಬಿಯೂ ಇಂದು ಈ ವಿನಾಯಿತಿಯ ವ್ಯಾಪ್ತಿಗೆ ಬರುತ್ತದೆ.

ಮಾಲೀಕನಿಗೆ ಇದು ಅನುಕೂಲ, ಕೊಳ್ಳುವವನಿಗೆ ಮಾತ್ರ ತೊಡಕು. ಮಾರಾಟಕ್ಕಿರುವ ಕಾರಿನ ತಳವನ್ನು ಐದಾರು ವರ್ಷಗಳಿಂದ ಯಾರೂ ಇಣುಕಿ ನೋಡಿರಲಿಕ್ಕಿಲ್ಲ. ‘ವಿನಾಯಿತಿ ಇದೆ’ ಎಂಬ ಜಾಹೀರಾತಿನ ಮಾತು ಕಾರು ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಕೊಳ್ಳುವ ಮುನ್ನ ಸ್ವಯಂಪ್ರೇರಿತವಾಗಿ ಎಂಒಟಿ ಮಾಡಿಸಿಕೊಡುವಂತೆ ಮಾರುವವನನ್ನು ಕೇಳಬಹುದು. ಶುಲ್ಕ ತಾನೇ ಕೊಡುತ್ತೇನೆಂದರೂ ಆತ ಹಿಂಜರಿದರೆ ಅದರಿಂದಲೇ ಅರ್ಧ ಉತ್ತರ ಸಿಕ್ಕಂತೆ. ಹಿಂದಿನ ವರ್ಷಗಳ ತಪಾಸಣಾ ದಾಖಲೆಗಳನ್ನು ಸರ್ಕಾರದ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ನೀಡಿ ಉಚಿತವಾಗಿ ನೋಡಬಹುದು. ‘ಹೊಸ್ತಿಲ ಬಳಿ ತೀವ್ರ ತುಕ್ಕು’ ಎಂಬ ಎಚ್ಚರಿಕೆ ಮೂರು ವರ್ಷ ಬರುತ್ತಿದ್ದು, ನಾಲ್ಕನೆಯ ವರ್ಷದಿಂದ ತಪಾಸಣೆಯೇ ನಿಂತುಹೋಗಿದ್ದರೆ ಆ ಕಾರಿನ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಪಾಸಣೆಗೆ ವಿನಾಯಿತಿ ಇದ್ದರೂ ವಾಹನ ರಸ್ತೆಗೆ ಯೋಗ್ಯವಾಗಿರಬೇಕೆಂಬ ಹೊಣೆ ಮಾಲೀಕನ ಮೇಲಿಂದ ಇಳಿಯುವುದಿಲ್ಲ ಎಂಬುದನ್ನೂ ಮರೆಯಬಾರದು.

ಹೊಸ್ತಿಲೇ ಬೆನ್ನೆಲುಬು

ಎಂಜಿಬಿಗಿಂತ ಮುಂಚಿನ ಎಂಜಿಎ ಕಾರಿಗೆ ಪ್ರತ್ಯೇಕ ಚಾಸಿ ಇತ್ತು. ಗಟ್ಟಿ ಉಕ್ಕಿನ ಚೌಕಟ್ಟಿನ ಮೇಲೆ ದೇಹವನ್ನು ಕೂರಿಸಲಾಗುತ್ತಿತ್ತು. ಎಂಜಿಬಿಯಲ್ಲಿ ಆ ಚೌಕಟ್ಟಿಲ್ಲ. ಬೆಸೆದ ತಗಡುಗಳ ದೇಹವೇ ಇಡೀ ಭಾರವನ್ನು ಹೊರುತ್ತದೆ. ತೆರೆದ ಕಾರಾದ ಕಾರಣ ಬಲ ಕೊಡಲು ಮೇಲ್ಛಾವಣಿಯೂ ಇಲ್ಲ. ಹೀಗಾಗಿ ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯ್ದಿರುವ ‘ಸಿಲ್’ ಎಂಬ ಭಾಗ, ಅಂದರೆ ಕಾರಿನ ಹೊಸ್ತಿಲು, ಅದರ ಬೆನ್ನೆಲುಬಾಗಿದೆ.

ಈ ಹೊಸ್ತಿಲು ಒಂದೇ ತಗಡಲ್ಲ. ಹೊರಗೆ ಕಾಣುವ ಪದರ, ಒಳಭಾಗದ ಪದರ, ಎರಡರ ನಡುವೆ ನಿಂತಿರುವ ಮತ್ತೊಂದು ತಗಡು, ಕೆಳಗೆ ನೆಲದ ಅಂಚಿನುದ್ದಕ್ಕೂ ‘ಕ್ಯಾಸಲ್ ರೈಲ್’ ಎಂಬ ಪಟ್ಟಿ, ಇಷ್ಟೂ ಸೇರಿ ಒಂದು ಪೆಟ್ಟಿಗೆಯ ರೂಪ ತಾಳುತ್ತವೆ. ಚಳಿಗಾಲದಲ್ಲಿ ಬ್ರಿಟನ್ನಿನ ರಸ್ತೆಗಳ ಹಿಮ ಕರಗಿಸಲು ಉಪ್ಪು ಎರಚುತ್ತಾರೆ. ಉಪ್ಪುನೀರು ಮುಂದಿನ ಚಕ್ರದ ಹಿಂದೆ ಕೆಸರಿನ ಜೊತೆ ಕೂಡಿಕೊಂಡು ಈ ಪೆಟ್ಟಿಗೆಯೊಳಗೆ ಇಳಿಯುತ್ತದೆ. ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತ ಬರುತ್ತದೆ. ಹೊರಮೈಯಲ್ಲಿ ಬಣ್ಣದ ಗುಳ್ಳೆ ಎದ್ದಿತೆಂದರೆ ಒಳಗಿನ ತಗಡು ಬಹುಪಾಲು ಹೋಗಿದೆಯೆಂದೇ ತಿಳಿಯಬೇಕು.

ಹಾಳಾದ ಹೊಸ್ತಿಲನ್ನು ಸರಿಯಾಗಿ ಬದಲಿಸಲು ಮುಂದಿನ ಹಾಗೂ ಹಿಂದಿನ ಮಡ್‌ಗಾರ್ಡುಗಳ ಕೆಳಭಾಗವನ್ನು ಕತ್ತರಿಸಬೇಕಾಗುತ್ತದೆ. ದುಡ್ಡು ಉಳಿಸಲು ಹೊರಟವರು ಅಷ್ಟೆಲ್ಲ ಮಾಡದೆ ಹಳೆಯ ಕೊಳೆತ ತಗಡಿನ ಮೇಲೆಯೇ ಹೊಸ ತಗಡು ಹೊದಿಸಿ ಬೆಸೆದು ಬಣ್ಣ ಬಳಿಯುತ್ತಾರೆ. ಕೆಲವರು ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ಕವಚ ಹಾಕಿ ಅಲಂಕಾರವೆಂದು ಹೇಳುವುದುಂಟು. ಹುಣ್ಣಿನ ಮೇಲೆ ರೇಷ್ಮೆ ಪಟ್ಟಿ ಕಟ್ಟಿದಂತೆ ಇದು. ಅಪಘಾತವಾದಾಗ ಅಥವಾ ಕೆಟ್ಟ ರಸ್ತೆಯಲ್ಲಿ ವೇಗವಾಗಿ ಸಾಗುವಾಗ ಕಾರನ್ನು ಹಿಡಿದು ನಿಲ್ಲಿಸುವ ಬಲ ಅಲ್ಲಿ ಇರುವುದಿಲ್ಲ.

ಪತ್ತೆ ಹಚ್ಚುವುದು ಹೇಗೆ? ಮೊದಲು ಕಾರಿನಿಂದ ಐದಾರು ಅಡಿ ದೂರ ನಿಂತು ಬಾಗಿಲಿನ ಸಂದುಗಳನ್ನು ನೋಡಬೇಕು. ಬಾಗಿಲಿನ ಹಿಂಭಾಗದ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವಿನಲ್ಲಿ ಕುಸಿದಿದೆ ಎಂದರ್ಥ. ನಂತರ ಮಾರುವವನ ಒಪ್ಪಿಗೆ ಪಡೆದು, ಜಾಕಿ ಕೊಡಲೆಂದೇ ಮಾಡಿರುವ ಜಾಗದಲ್ಲಿ ಜಾಕಿ ಕೊಟ್ಟು ಚಕ್ರ ಎತ್ತಬೇಕು. ಚಕ್ರ ಮೇಲೇಳುವ ಬದಲು ಜಾಕಿಯೇ ತಗಡಿನೊಳಗೆ ನುಗ್ಗಿದರೆ ಅಥವಾ ಬಾಗಿಲು ಬಿಗಿಯಾಗಿ ತೆರೆಯಲು ಬಾರದಿದ್ದರೆ ಹೊಸ್ತಿಲು ಸತ್ತಿದೆ. ಅಲ್ಲಿಗೆ ಪರೀಕ್ಷೆ ಮುಗಿಸಿ ಹಿಂತಿರುಗುವುದು ಲೇಸು. ಹೀಗೆ ಎತ್ತಿದ ಕಾರಿನ ಕೆಳಗೆ ಜಾಕಿಯನ್ನು ಮಾತ್ರ ನಂಬಿ ಯಾರೂ ನುಸುಳಬಾರದು. ಗಟ್ಟಿ ಸ್ಟ್ಯಾಂಡ್ ಕೊಟ್ಟ ಬಳಿಕವೇ ತಳ ನೋಡಬೇಕು.

ಕಿಸೆಯಲ್ಲಿ ಇರಬೇಕಾದ ಆಯುಧಗಳೆಂದರೆ ಟಾರ್ಚು ಮತ್ತು ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತ. ತಗಡು ಹೋದ ಕಡೆ ಪುಟ್ಟಿ ಮೆತ್ತಿದ್ದರೆ ಆಯಸ್ಕಾಂತ ಹಿಡಿಯುವುದಿಲ್ಲ. ಆದರೆ ಮೊದಲ ವರ್ಷಗಳ ಎಂಜಿಬಿಗಳಿಗೆ ಅಲ್ಯೂಮಿನಿಯಂ ಬಾನೆಟ್ ಇತ್ತು. ಅಲ್ಲಿ ಆಯಸ್ಕಾಂತ ಜಾರಿದರೆ ಗಾಬರಿಯಾಗಬೇಕಿಲ್ಲ, ಸಂತೋಷಪಡಬೇಕು.

ಹೊಸ್ತಿಲಿನ ನಂತರ ನೋಡಬೇಕಾದ ಜಾಗಗಳು ಆಸನಗಳ ಹಿಂದೆ ಇರುವ ಬ್ಯಾಟರಿ ಪೆಟ್ಟಿಗೆಗಳು, ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನು ಹಿಡಿದಿಟ್ಟ ಕೊಂಡಿಗಳ ಸುತ್ತಮುತ್ತ, ಕಾಲಡಿಯ ನೆಲ, ಬಾಗಿಲುಗಳ ತಳ. ಬಾಗಿಲಿನ ಮೇಲ್ಭಾಗದಲ್ಲಿ ಸಣ್ಣ ತ್ರಿಕೋನ ಗಾಜಿನ ಬುಡದಿಂದ ಕೆಳಕ್ಕಿಳಿಯುವ ಸೀಳು ಎಂಜಿಬಿಯ ಹುಟ್ಟುಗುಣ. ಅದೊಂದನ್ನು ಕಂಡು ಕಾರು ಬಿಡಬೇಕಿಲ್ಲ, ಬೆಲೆ ಚೌಕಾಸಿಗೆ ಬಳಸಿಕೊಳ್ಳಬಹುದು.

ಹೊಸ್ತಿಲು ಬದಲಿಸುವ ಕೆಲಸವನ್ನು ಮನೆಯಲ್ಲೇ ಮಾಡಹೊರಟವರು ಒಂದು ಮಾತು ನೆನಪಿಡಬೇಕು. ಹಳೆಯ ಹೊಸ್ತಿಲು ಕತ್ತರಿಸಿದ ಕ್ಷಣವೇ ಕಾರು ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಉಕ್ಕಿನ ಸಲಾಕೆ ಬೆಸೆದು, ಒಂದು ಸಲಕ್ಕೆ ಒಂದೇ ಬದಿಯ ಕೆಲಸ ಮಾಡಬೇಕು. ಬೆಸೆಯುವ ಮುನ್ನ ಬಾಗಿಲು ಕೂರಿಸಿ ಸಂದು ಸರಿಯಿದೆಯೇ ಎಂದು ನೋಡಬೇಕು. ಇದನ್ನು ಕಡೆಗಣಿಸಿದವರ ಕಾರಿಗೆ ಹೊಸ ತಗಡು ಬಂದರೂ ಬಾಗಿಲು ಜನ್ಮದಲ್ಲಿ ಸರಿಯಾಗಿ ಮುಚ್ಚುವುದಿಲ್ಲ. ವೆಲ್ಡಿಂಗ್ ಮಾಡುವ ಮುನ್ನ ಪೆಟ್ರೋಲ್ ಟ್ಯಾಂಕು ಮತ್ತು ಕೊಳವೆಗಳನ್ನು ಕಳಚಿ ದೂರವಿಡಬೇಕು ಎಂಬುದು ಯಾರಿಗೂ ಗೊತ್ತಿರುವ ವಿಷಯವಾದರೂ, ಗ್ಯಾರೇಜುಗಳಲ್ಲಿ ಬೆಂಕಿ ಬೀಳುವುದು ಇಂಥ ಮರೆವಿನಿಂದಲೇ.

ಅಂಬಾಸಡರ್ ಎಂಜಿನ್ನಿನ ದಾಯಾದಿ

ಕರ್ನಾಟಕದ ಓದುಗರಿಗೆ ಎಂಜಿಬಿಯ ಎಂಜಿನ್ ಪೂರ್ತಿ ಅಪರಿಚಿತವಲ್ಲ. ದಶಕಗಳ ಕಾಲ ಸರ್ಕಾರಿ ಕಚೇರಿಗಳ ಮುಂದೆ ನಿಲ್ಲುತ್ತಿದ್ದ ಬಿಳಿಯ ಅಂಬಾಸಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ-ಸೀರಿಸ್’ ಕುಟುಂಬದ್ದು. ಎಂಜಿಬಿಯಲ್ಲಿರುವುದು ಅದೇ ಕುಟುಂಬದ 1798 ಸಿಸಿ ಎಂಜಿನ್. ಅವಳಿ ಎಸ್‌ಯು ಕಾರ್ಬುರೇಟರುಗಳು ಜೊತೆಗೂಡಿ ಅದನ್ನು ಸ್ಪೋರ್ಟ್ಸ್ ಕಾರಿಗೆ ತಕ್ಕಂತೆ ಮಾಡಿದವು. ಅಂಬಾಸಡರ್ ಬಿಚ್ಚಿ ಬೆಳೆದ ಮೆಕ್ಯಾನಿಕ್ಕನಿಗೆ ಇದರಲ್ಲಿ ಹೊಸತೇನೂ ಕಾಣದು. ಸುಲಭವಾಗಿ ಸಾಯದ, ಸತ್ತರೂ ಸುಲಭವಾಗಿ ಬದುಕಿಸಬಹುದಾದ ಎಂಜಿನ್ ಇದು. ಆದ್ದರಿಂದಲೇ ಎಂಜಿನ್ ಸದ್ದಿಗೆ ಮರುಳಾಗಿ ದೇಹವನ್ನು ಮರೆಯುವುದು ಹೊಸಬರ ಮೊದಲ ತಪ್ಪು. ಎಂಜಿನ್ ರಿಪೇರಿಯ ಖರ್ಚನ್ನು ಮೊದಲೇ ಅಂದಾಜು ಮಾಡಬಹುದು, ತುಕ್ಕಿನ ಖರ್ಚನ್ನು ಕತ್ತರಿಸಿದ ಮೇಲೆಯೇ ತಿಳಿಯಬೇಕು.

1964ರವರೆಗಿನ ಎಂಜಿನ್ನುಗಳಲ್ಲಿ ಮುಖ್ಯ ದಂಡಕ್ಕೆ ಮೂರು ಬೇರಿಂಗುಗಳಿದ್ದವು, ನಂತರ ಐದಾದವು. ಐದು ಬೇರಿಂಗಿನದು ಹೆಚ್ಚು ಗಟ್ಟಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಓಡುವ ವೇಗದಲ್ಲಿ ಆಯಿಲ್ ಒತ್ತಡ ಚದರ ಅಂಗುಲಕ್ಕೆ 50 ಪೌಂಡಿಗಿಂತ ಮೇಲಿರಬೇಕು. ಪರೀಕ್ಷೆಗೆ ಹೋದಾಗ ಎಂಜಿನ್ ಆಗಲೇ ಬೆಚ್ಚಗಿದ್ದರೆ ಅನುಮಾನಿಸಬೇಕು. ತಣ್ಣಗಿದ್ದಾಗಿನ ಸ್ಟಾರ್ಟ್ ತೊಂದರೆಯನ್ನು ಮುಚ್ಚಿಡಲು ಮಾರುವವರು ಹೂಡುವ ಹಳೆಯ ಉಪಾಯವದು. ಕ್ಲಚ್ ಜಾರುತ್ತಿದ್ದರೆ ಲಘುವಾಗಿ ಎಣಿಸಬಾರದು. ಬಿಡಿಭಾಗ ಅಗ್ಗವಾದರೂ ಅದನ್ನು ಬದಲಿಸಲು ಎಂಜಿನ್ನನ್ನೇ ಹೊರತೆಗೆಯಬೇಕಾಗುತ್ತದೆ.

1967ರ ಕೊನೆಯವರೆಗಿನ ಗೇರ್‌ಬಾಕ್ಸಿನಲ್ಲಿ ಮೊದಲ ಗೇರಿಗೆ ಸಿಂಕ್ರೊಮೆಶ್ ಇರಲಿಲ್ಲ, ಬಳಿಕ ಎಲ್ಲ ಗೇರುಗಳಿಗೂ ಬಂತು. ‘ಓವರ್‌ಡ್ರೈವ್’ ಇರುವ ಕಾರು ಸಿಕ್ಕರೆ ಬಿಡಬಾರದು. ಹೆದ್ದಾರಿಯಲ್ಲಿ ಎಂಜಿನ್ ಅರಚುವುದು ತಪ್ಪುತ್ತದೆ. ಪರೀಕ್ಷಾ ಓಟದಲ್ಲಿ ಅದು ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ಸ್ವಿಚ್ ಒತ್ತಿ ನೋಡಬೇಕು. ಮುಂದಿನ ಚಕ್ರಗಳ ಕಿಂಗ್‌ಪಿನ್ನುಗಳಿಗೆ ಕಾಲಕಾಲಕ್ಕೆ ಗ್ರೀಸ್ ಬೇಕು. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಲೊಡಲೊಡ ಎಂದರೆ ಯಾರೂ ಗ್ರೀಸ್ ಗನ್ ಮುಟ್ಟಿಲ್ಲ. ತಂತಿ ಕಡ್ಡಿಗಳ ಚಕ್ರಗಳಿದ್ದರೆ ಪ್ರತಿ ಕಡ್ಡಿಯನ್ನೂ ಬೆರಳಿನಿಂದ ಮೀಟಿ ನೋಡಬೇಕು, ನಾದ ಬರದ ಕಡ್ಡಿ ಸಡಿಲವಾಗಿದೆ.

ವಿದ್ಯುತ್ ವ್ಯವಸ್ಥೆ ಬಗ್ಗೆ ಹಾಸ್ಯಗಳೇ ಹೆಚ್ಚು, ತೊಂದರೆ ಕಡಿಮೆ. ಬಹುತೇಕ ದೋಷಗಳು ಹಿಂದಿನ ಮಾಲೀಕರು ಎಳೆದ ಅಡ್ಡಾದಿಡ್ಡಿ ವೈರುಗಳಿಂದ ಬಂದವು. ಹಳೆಯ ಕಾರುಗಳಲ್ಲಿ ಬ್ಯಾಟರಿಯ ಧನಧ್ರುವ ದೇಹಕ್ಕೆ ಜೋಡಣೆಯಾಗಿರುತ್ತಿತ್ತು. ಇದನ್ನರಿಯದೆ ಹೊಸ ಬಗೆಯ ಉಪಕರಣ ಕೂಡಿಸಿದರೆ ಸುಟ್ಟುಹೋಗುತ್ತದೆ.

ಯಾವುದನ್ನು ಆರಿಸಬೇಕು

1974ರ ಉತ್ತರಾರ್ಧದಲ್ಲಿ ಅಮೆರಿಕದ ಸುರಕ್ಷತಾ ನಿಯಮಗಳಿಗೆ ಹೊಂದಿಸಲು ಎಂಜಿಬಿಯ ಕ್ರೋಮ್ ಬಂಪರ್ ತೆಗೆದು ಕಪ್ಪು ದಪ್ಪ ಬಂಪರ್ ಹಾಕಿ, ಕಾರನ್ನೂ ತುಸು ಎತ್ತರಿಸಲಾಯಿತು. ರೂಪ ಕೆಟ್ಟಿತೆಂದು ಅಭಿಮಾನಿಗಳು ಇಂದಿಗೂ ಗೊಣಗುತ್ತಾರೆ. ಮಾರುಕಟ್ಟೆಯಲ್ಲಿ ಕ್ರೋಮ್ ಬಂಪರಿನ ಕಾರಿಗೆ ಬೆಲೆ ಹೆಚ್ಚು. ಆದರೆ ಕೈಪಳಗಿಸಿಕೊಳ್ಳಲು ಹೊರಟ ಹೊಸಬನಿಗೆ ಕಪ್ಪು ಬಂಪರಿನ, ತುಕ್ಕು ಕಡಿಮೆಯಿರುವ ಕಾರೇ ಮೇಲು.

1965ರಲ್ಲಿ ಬಂದ ‘ಜಿಟಿ’ ಮಾದರಿಗೆ ಗಟ್ಟಿ ಮೇಲ್ಛಾವಣಿ ಇದೆ. ಅದರ ವಿನ್ಯಾಸದಲ್ಲಿ ಇಟಲಿಯ ಪಿನಿನ್‌ಫರೀನಾ ಸಂಸ್ಥೆಯ ಕೈವಾಡವಿತ್ತು. ತೆರೆದ ಕಾರಿನ ಮೋಹದಿಂದಾಗಿ ಜಿಟಿಗೆ ಸಾಮಾನ್ಯವಾಗಿ ಬೆಲೆ ಕಡಿಮೆ. ಮಳೆ ಬಿಡದ ಊರಿನಲ್ಲಿ, ಸೀಮಿತ ಹಣದಲ್ಲಿ, ಮೊದಲ ಸಲ ಕೊಳ್ಳುವವರಿಗೆ ಇದಕ್ಕಿಂತ ವಿವೇಕದ ಆಯ್ಕೆ ಇಲ್ಲ. ಆರು ಸಿಲಿಂಡರಿನ ಎಂಜಿಸಿ ಮತ್ತು 1973ರಿಂದ 1976ರವರೆಗೆ ಕೆಲವೇ ಸಾವಿರ ಸಂಖ್ಯೆಯಲ್ಲಿ ತಯಾರಾದ ವಿ8 ಮಾದರಿಗಳನ್ನು ಎರಡನೆಯ ಕಾರಿಗೆ ಮೀಸಲಿಡುವುದು ಒಳ್ಳೆಯದು.

ಅಮೆರಿಕದ ಒಣಹವೆಯ ರಾಜ್ಯಗಳಿಂದ ಮರಳಿ ಬಂದ ಕಾರುಗಳಲ್ಲಿ ತಗಡು ಗಟ್ಟಿಯಾಗಿರುತ್ತದೆ, ಬಿಸಿಲಿಗೆ ಆಸನ, ರಬ್ಬರುಗಳು ಹಾಳಾಗಿರುತ್ತವೆ. ಈ ಅದಲುಬದಲು ಲಾಭದಾಯಕವೇ. ಸ್ಟಿಯರಿಂಗ್ ಎಡಗಡೆ ಇರುತ್ತದೆ ಎಂಬುದನ್ನು ಲೆಕ್ಕದಲ್ಲಿಟ್ಟುಕೊಂಡರಾಯಿತು.

‘ಕೆಲಸ ಅರ್ಧ ಮುಗಿದಿದೆ, ಎಲ್ಲ ಭಾಗಗಳೂ ಪೆಟ್ಟಿಗೆಯಲ್ಲಿವೆ’ ಎಂಬ ಜಾಹೀರಾತು ಕಂಡರೆ ದೂರ ಸರಿಯಬೇಕು. ಬೇರೊಬ್ಬ ಬಿಚ್ಚಿದ ಕಾರನ್ನು ಜೋಡಿಸುವುದು ಬೇರೊಬ್ಬ ಅರ್ಧ ಹೆಣೆದ ಚಾಪೆಯನ್ನು ಮುಂದುವರಿಸಿದಂತೆ. ಯಾವ ಬೋಲ್ಟು ಎಲ್ಲಿಯದೆಂದು ಯಾರಿಗೂ ನೆನಪಿರುವುದಿಲ್ಲ, ಇಲ್ಲದ ಭಾಗಗಳ ಪಟ್ಟಿ ಕೊನೆಯಲ್ಲಷ್ಟೇ ತಿಳಿಯುತ್ತದೆ. ಹೊಗೆಯುಗುಳುತ್ತಲಾದರೂ ಓಡುತ್ತಿರುವ, ಪೂರ್ತಿ ಜೋಡಣೆಯಲ್ಲಿರುವ ಕಾರು ಎಷ್ಟೋ ವಾಸಿ.

ದುಡ್ಡಿನ ಲೆಕ್ಕ, ಕಾಗದದ ಲೆಕ್ಕ

ಹಳೆಯ ಕಾರನ್ನು ಪೂರ್ಣವಾಗಿ ಪುನರುಜ್ಜೀವಗೊಳಿಸುವ ಖರ್ಚು, ಬಹುಪಾಲು ಸಂದರ್ಭಗಳಲ್ಲಿ ಕೆಲಸ ಮುಗಿದ ಮೇಲೆ ಅದಕ್ಕೆ ಸಿಗುವ ಬೆಲೆಯನ್ನು ಮೀರುತ್ತದೆ. ಮೂಗಿಗಿಂತ ಮೂಗುತಿ ಭಾರವಾಗುವ ಈ ಲೆಕ್ಕವನ್ನು ಕೊಳ್ಳುವ ಮೊದಲೇ ಕಾಗದದ ಮೇಲೆ ಬರೆದು ಮನೆಯವರಿಗೂ ತೋರಿಸಬೇಕು. ಟಿಂಕರಿಂಗ್ ಮತ್ತು ಬಣ್ಣದ ಕೆಲಸವೇ ಹೆಚ್ಚು ಹಣ ನುಂಗುತ್ತದೆ. ಬೇರೊಬ್ಬರು ಪ್ರಾಮಾಣಿಕವಾಗಿ ದುರಸ್ತಿ ಮಾಡಿ, ಪ್ರತಿ ಹಂತದ ಛಾಯಾಚಿತ್ರ ಮತ್ತು ರಸೀದಿ ಇಟ್ಟುಕೊಂಡಿರುವ ಕಾರನ್ನು ಹೆಚ್ಚು ಹಣ ಕೊಟ್ಟು ಕೊಳ್ಳುವುದು ಕೊನೆಗೆ ಅಗ್ಗವಾದೀತು. ದುರಸ್ತಿಯ ಸುಖವೇ ಬೇಕೆನ್ನುವವರ ಮಾತು ಬೇರೆ.

ದೇಹ ಪೂರ್ತಿ ಹೋಗಿದ್ದರೂ ಎಂಜಿಬಿಗೆ ಒಂದು ದಾರಿ ಉಳಿದಿದೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಲ್ಲಿ ಕಾರ್ಖಾನೆಯ ಮೂಲ ಅಚ್ಚುಗಳನ್ನೇ ಬಳಸಿ ಹೊಸ ದೇಹಗಳನ್ನು ತಯಾರಿಸಲಾರಂಭಿಸಿತು. ಹತ್ತು ಸಾವಿರ ಪೌಂಡಿಗೂ ಮೀರುವ ಬಾಬ್ತು ಅದು. ಆದರೂ ಕೊಳೆತ ದೇಹಕ್ಕೆ ವರ್ಷಗಟ್ಟಲೆ ತೇಪೆ ಹಾಕಿಸುವವರು ಕೂಲಿ ಸೇರಿಸಿ ಲೆಕ್ಕ ಹಾಕಿದರೆ ವ್ಯತ್ಯಾಸ ಅಷ್ಟೇನೂ ಉಳಿಯದು.

ಕಾಗದಪತ್ರಗಳಲ್ಲಿ ಮುಖ್ಯವಾದದ್ದು ‘ವಿ5ಸಿ’ ಎಂಬ ನೋಂದಣಿ ಪುಸ್ತಿಕೆ. ಅದರಲ್ಲಿನ ಚಾಸಿ ಸಂಖ್ಯೆ ಕಾರಿನ ಫಲಕದೊಂದಿಗೆ ತಾಳೆಯಾಗಬೇಕು. ತೆರೆದ ಕಾರಿನ ಸಂಖ್ಯೆ ‘ಜಿಎಚ್‌ಎನ್’ ಎಂದೂ ಜಿಟಿಯದು ‘ಜಿಎಚ್‌ಡಿ’ ಎಂದೂ ಆರಂಭವಾಗುತ್ತದೆ. ಕಾರು ಕಾರ್ಖಾನೆಯಿಂದ ಯಾವ ಬಣ್ಣದಲ್ಲಿ ಹೊರಬಿತ್ತು ಎಂಬುದಕ್ಕೆ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಶುಲ್ಕ ಪಡೆದು ಪ್ರಮಾಣಪತ್ರ ನೀಡುತ್ತದೆ. ದುರಸ್ತಿಯ ಅವಧಿಯಲ್ಲಿ ಕಾರು ರಸ್ತೆಗಿಳಿಯುವುದಿಲ್ಲವೆಂದು ‘ಸಾರ್ನ್’ ಘೋಷಣೆ ಸಲ್ಲಿಸಬೇಕು, ಇಲ್ಲವಾದರೆ ದಂಡ. 1930ರಲ್ಲಿ ಸ್ಥಾಪನೆಯಾದ ಎಂಜಿ ಕಾರ್ ಕ್ಲಬ್ಬಿನಂಥ ಸಂಘಕ್ಕೆ ಕಾರು ಕೊಳ್ಳುವ ಮೊದಲೇ ಸದಸ್ಯರಾಗುವುದು ಒಳಿತು. ಪರೀಕ್ಷೆಗೆ ಹೋಗುವಾಗ ಅನುಭವಿ ಸದಸ್ಯರೊಬ್ಬರು ಜೊತೆಗಿದ್ದರೆ ಮಾರುವವನ ಮಾತಿನ ಧಾಟಿಯೇ ಬದಲಾಗುತ್ತದೆ.

2021ರ ಸೆಪ್ಟೆಂಬರಿನಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಬೆರಕೆಯಾಗುತ್ತಿದೆ. ಎಥನಾಲ್ ಹಳೆಯ ರಬ್ಬರ್ ಕೊಳವೆಗಳನ್ನು ಕೊರೆಯುತ್ತದೆ. ಕೊಂಡ ಮೊದಲ ವಾರವೇ ಇಂಧನ ಕೊಳವೆಗಳನ್ನು ಹೊಸ ಬಗೆಯವಕ್ಕೆ ಬದಲಿಸಬೇಕು. ಹಳೆಯ ಬ್ರೇಕ್ ಮತ್ತು ಕ್ಲಚ್ ತಟ್ಟೆಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿಂದ ಅದರ ಧೂಳನ್ನು ಗಾಳಿಯಲ್ಲಿ ಊದಿ ತೆಗೆಯಬಾರದು.

ಭಾರತಕ್ಕೆ ತರುವ ಮಾತು

ಬ್ರಿಟನ್ನಿನಲ್ಲಿ ದುರಸ್ತಿ ಮಾಡಿದ ಕಾರನ್ನು ಊರಿಗೆ ಕೊಂಡೊಯ್ಯುವ ಕನಸು ಕೆಲವರಿಗಿರುತ್ತದೆ. ಹಳೆಯ ವಾಹನಗಳ ಆಮದು ನಿಯಮಗಳು ಬಿಗಿ, ಸುಂಕ ಭಾರಿ. ಹಡಗಿಗೆ ಮುಂಗಡ ಕೊಡುವ ಮೊದಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆ ಹೊತ್ತಿನ ಆದೇಶವನ್ನು ಓದಿಕೊಳ್ಳಬೇಕು. ದೇಶದೊಳಗಿನ ನೋಂದಣಿಗೆ ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ನಿಯಮ ರೂಪಿಸಿತು. 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಖಾಸಗಿ ವಾಹನಗಳಿಗೆ ‘ವಿಎ’ ಅಕ್ಷರಗಳಿರುವ ವಿಶೇಷ ಸಂಖ್ಯೆ ನೀಡಲಾಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವನ್ನು ಆ ನಿಯಮ ನಿಗದಿಪಡಿಸಿತು. ಇಂಥ ಕಾರನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಮುಂತಾದ ಕೆಲಸಗಳಿಗಷ್ಟೇ ರಸ್ತೆಗೆ ತರಬಹುದು. ದಿನನಿತ್ಯ ಕಚೇರಿಗೆ ಓಡಿಸುವಂತಿಲ್ಲ.

ಅಷ್ಟೆಲ್ಲ ತಾಪತ್ರಯ ಬೇಡವೆನ್ನುವವರಿಗೆ ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ. ಬ್ರಿಟನ್ನಿನ ಟ್ರಯಂಫ್ ಹೆರಾಲ್ಡಿನ ಭಾರತೀಯ ಅವತಾರವದು. ಅದೇ ಹೆರಾಲ್ಡಿನ ಚಾಸಿಯನ್ನು ಆಧರಿಸಿಯೇ ಟ್ರಯಂಫ್ ಸಂಸ್ಥೆ 1962ರಲ್ಲಿ, ಎಂಜಿಬಿ ಹುಟ್ಟಿದ ವರ್ಷವೇ, ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ರೂಪಿಸಿತು. ಹೆರಾಲ್ಡಿಗೆ ಪ್ರತ್ಯೇಕ ಚಾಸಿ ಇದೆ. ಬಾನೆಟ್ ಇಡಿಯಾಗಿ ಮುಂದಕ್ಕೆ ತೆರೆದುಕೊಳ್ಳುವುದರಿಂದ ಮುಂದಿನ ಚಕ್ರದ ಮೇಲೆಯೇ ಕುಳಿತು ಎಂಜಿನ್ ಕೆಲಸ ಮಾಡಬಹುದು.